ಎಲ್ಲರಿಗಿಂತ ಹಿಂದೆ ಬರುತ್ತಿದ್ದ ಟೀಚರ್

ನಮ್ಮ ಟೀಚರ್ ಕುವೈತ್ ಬಿಟ್ಟು ಊರಿಗೆ ಹೋಗಿ ಇನ್ನೂ ತಿಂಗಳಾಗಿಲ್ಲ. ಮೊನ್ನೆ ಮಂಗಳೂರಿನಿಂದ ಒಂದು ವಿಡಿಯೋ ಕಳಿಸಿದ್ದರು. ಹೊಸ ಮೊಣಕಾಲಿನಲ್ಲಿ ಅಂಗಳದ ಉದ್ದಕ್ಕೂ ನಡೆದುಕೊಂಡು ಬಂದು, ಕ್ಯಾಮೆರಾಕ್ಕೆ ಮೂಗು ತಾಗುವಷ್ಟು ಹತ್ತಿರ ನಿಂತು, "ಹೇಗುಂಟು ನಡಿಗೆ? ಸತ್ಯ ಹೇಳ್ಬೇಕು. ನೀನೇ ಕಲಿಸಿದ್ದಲ್ವಾ, ನೀನೇ ಮಾರ್ಕು ಹಾಕು" ಎಂದು ಕೇಳಿದ್ದರು. ನಾನು ಹತ್ತಕ್ಕೆ ಆರು ಹಾಕಿದೆ. ಅವರಿಗೆ ಸಿಟ್ಟು ಬಂತು. ಜೀವಮಾನವಿಡೀ ಬೇರೆಯವರಿಗೆ ಮಾರ್ಕು ಹಾಕಿದವರಿಗೆ ತಮಗೆ ಬಿದ್ದ ಆರನ್ನು ಸಹಿಸಲಾಗಲಿಲ್ಲ. ಆ ಸಿಟ್ಟು ಕೇಳಿ ನನಗೆ ಎಷ್ಟು ಖುಷಿಯಾಯಿತೆಂದರೆ, ಇವರ ಬಗ್ಗೆ ಬರೆಯಲೇಬೇಕು ಅನ್ನಿಸಿತು.

ಹೆಸರು ಹಾಕಬಾರದೆಂಬುದು ಅವರದೇ ಷರತ್ತು. "ಹೆಸರು ಹಾಕಿದ್ರೆ ಹಳೇ ಮಕ್ಕಳೆಲ್ಲ ಫೋನ್ ಮಾಡ್ತಾರೆ. ಫೋನ್ ಮಾಡಿದವರ ಹತ್ರ, ದಿನಾ ಓಡ್ಲಿಕ್ಕೆ ಹೋಗ್ತೀಯಾ ಅಂತ ನಾನು ಕೇಳದೆ ಇರುದಿಲ್ಲ. ಅವರು ಸುಳ್ಳು ಹೇಳ್ಬೇಕಾಗ್ತದೆ. ಯಾಕೆ ಪಾಪ."

ಅವರು ಇಲ್ಲಿನ ಒಂದು ಇಂಡಿಯನ್ ಶಾಲೆಯಲ್ಲಿ ಹುಡುಗಿಯರಿಗೆ ಆಟ ಕಲಿಸುತ್ತಿದ್ದರು. ಮನೆಮಾತು ತುಳು. ನನ್ನ ಹತ್ತಿರ ಮಂಗಳೂರು ಕನ್ನಡ, ಮಕ್ಕಳ ಹತ್ತಿರ ಇಂಗ್ಲಿಷ್, ಬಸ್ ಡ್ರೈವರ್ ಹತ್ತಿರ ಹಿಂದಿ. ಸಿಟ್ಟು ಬಂದರೆ ಇವೆಲ್ಲದರ ಮೇಲೆ ಒಂದಿಷ್ಟು ಅರಬ್ಬಿ. ಕೊರಳಲ್ಲಿ ಯಾವಾಗಲೂ ಒಂದು ವಿಸಿಲ್. ರಜಾ ದಿನವೂ ಇರುತ್ತಿತ್ತು, ಸೀರೆ ಉಟ್ಟಾಗಲೂ ಇರುತ್ತಿತ್ತು. ಒಮ್ಮೆ ತರಕಾರಿ ಮಾರ್ಕೆಟ್ಟಿನಲ್ಲಿ ಒಬ್ಬ ಧಡೂತಿ ಮನುಷ್ಯ ಸಾಲು ತಪ್ಪಿಸಿ ಮುಂದೆ ನುಗ್ಗಿದಾಗ ಇವರು ಪೀ ಎಂದು ಊದಿಬಿಟ್ಟರು. ಆ ಮನುಷ್ಯ ಹಿಂದೆ ಹೋಗಿ ನಿಂತ. ಅವನೊಬ್ಬನೇ ಅಲ್ಲ, ಸಾಲಿನಲ್ಲಿದ್ದ ನಾವೆಲ್ಲರೂ ಸ್ವಲ್ಪ ನೆಟ್ಟಗಾದೆವು.

ಇನ್ನೊಂದು ಅಭ್ಯಾಸ. ನಾಲ್ಕು ಜನ ಸೇರಿ ಎಲ್ಲಿಗೆ ಹೊರಟರೂ ಟೀಚರ್ ಎಲ್ಲರಿಗಿಂತ ಹಿಂದೆ. ಮಾಲ್‌ನಲ್ಲಿ, ಕಡಲ ದಂಡೆಯ ವಾಕಿಂಗ್‌ನಲ್ಲಿ, ಯಾರದೋ ಮನೆಯ ಪೂಜೆಗೆ ಮೆಟ್ಟಿಲು ಹತ್ತುವಾಗ, ಎಲ್ಲ ಕಡೆ. ನಡಿಗೆ ನಿಧಾನವೆಂದಲ್ಲ, ಮನಸ್ಸು ಮಾಡಿದರೆ ನಮ್ಮನ್ನೆಲ್ಲ ಹಿಂದೆ ಹಾಕಬಲ್ಲರು. ಮಕ್ಕಳನ್ನು ಸಾಲಾಗಿ ಕರೆದುಕೊಂಡು ಹೋಗಿ, ಕರೆದುಕೊಂಡು ಬಂದು ಆದ ರೂಢಿ ಅದು. ಒಂದು ಸಲ ನಮ್ಮ ಕನ್ನಡದವರೆಲ್ಲ ಬಸ್ ಮಾಡಿಕೊಂಡು ವಫ್ರಾದ ತೋಟಗಳಿಗೆ ಪಿಕ್ನಿಕ್ ಹೋಗಿದ್ದೆವು. ವಾಪಸ್ ಹೊರಡುವಾಗ ಎಲ್ಲರೂ ಹತ್ತಿದೆವು, ಬಸ್ ಹೊರಟಿತು, ಟೀಚರ್ ವಿಸಿಲ್ ಊದಿದರು. "ಒಂದು ಮಂಡೆ ಕಮ್ಮಿ ಉಂಟು" ಅಂದರು. ನೋಡಿದರೆ ನನ್ನ ಗಂಡನೇ ಇಲ್ಲ. ಹಸಿರುಮನೆಯೊಂದರ ಬಾಗಿಲಲ್ಲಿ ಸೌತೆಕಾಯಿಗೆ ಚೌಕಾಸಿ ಮಾಡುತ್ತಾ ಉಳಿದುಬಿಟ್ಟಿದ್ದರು. ಪಕ್ಕದ ಸೀಟಿನಲ್ಲಿ ಚೀಲವಿತ್ತು, ಗಂಡನೂ ಇದ್ದಾರೆ ಎಂದೇ ನಾನು ಅಂದುಕೊಂಡಿದ್ದೆ. ಅವತ್ತು ನಾವಿಬ್ಬರೂ ಟೀಚರ ಕಣ್ಣಿಗೆ ಬಿದ್ದೆವು.

ನಾನು ಮೈಸೂರಿನವಳು. ಜಾಬ್ರಿಯಾದ ಒಂದು ಕ್ಲಿನಿಕ್‌ನಲ್ಲಿ ಫಿಸಿಯೋಥೆರಪಿಸ್ಟ್. ಜನರ ಕೈಕಾಲು ಬಗ್ಗಿಸುವುದು, ಬಗ್ಗದವರನ್ನು ಬೈಯುವುದು ನನ್ನ ಕೆಲಸ. ಪಿಕ್ನಿಕ್ ಆಗಿ ಕೆಲವು ತಿಂಗಳಿಗೆ ಟೀಚರ್ ಕುಂಟುತ್ತಾ ನಮ್ಮ ಕ್ಲಿನಿಕ್ಕಿಗೆ ಬಂದರು. ಬಲ ಮೊಣಕಾಲಿನ ಎಕ್ಸ್‌ರೇ ನೋಡಿದ ನಮ್ಮ ಈಜಿಪ್ಟಿನ ಡಾಕ್ಟರು ಮುಖ ಸಪ್ಪಗೆ ಮಾಡಿದರು. ಕೀಲು ಪೂರ್ತಿ ಸವೆದುಹೋಗಿದೆ, ಬದಲಾಯಿಸಲೇಬೇಕು, ಬದಲಾಯಿಸಿದ ಮೇಲೆ ಆರಾಮಾಗಿ ನಡೆಯಬಹುದು, ಆದರೆ ಓಟ, ನೆಗೆತ, ಸ್ಕೇಟಿಂಗ್ ಎಲ್ಲ ಖಲಾಸ್ ಎಂದರು.

ಟೀಚರ್‌ಗೆ ಕೇಳಿಸಿದ್ದು ಸ್ಕೇಟಿಂಗ್ ಒಂದೇ. ಚಿಕ್ಕವರಿದ್ದಾಗ ಮಂಗಳೂರಿನಲ್ಲಿ ಸಿಮೆಂಟ್ ನೆಲದ ಮೇಲೆ ನಾಲ್ಕು ಚಕ್ರದ ಸ್ಕೇಟ್ ಕಟ್ಟಿಕೊಂಡು ಓಡಿದವರು ಅವರು. ಇಲ್ಲಿಗೆ ಬಂದ ಮೇಲೆ ಮಾಲ್‌ನ ಐಸ್ ರಿಂಕ್ ಕಂಡು, ಚಕ್ರ ಬಿಚ್ಚಿಟ್ಟು ಅಲಗು ಕಟ್ಟಿಕೊಂಡಿದ್ದರು. ಶುಕ್ರವಾರ ಬೆಳಿಗ್ಗೆ ಜನ ಬರುವ ಮೊದಲು ಅವರು ರಿಂಕ್‌ನಲ್ಲಿ.

"ಆಪರೇಷನ್ ಯಾವಾಗ?" ಎಂದು ಕೇಳಿದರು. ಆದಷ್ಟು ಬೇಗ ಎಂದರು ಡಾಕ್ಟರು. "ಬರುವ ಚಳಿಗಾಲ ಮುಗೀಲಿ, ಮಾಡುವ" ಎಂದು ಇವರೇ ದಿನ ಗೊತ್ತುಮಾಡಿಬಿಟ್ಟರು. ಡಾಕ್ಟರು ಹೋದ ಮೇಲೆ ನನ್ನ ಕೈ ಹಿಡಿದು ವಿಷಯ ಹೇಳಿದರು. ಆ ಚಳಿಗಾಲದಲ್ಲಿ ರಿಂಕ್‌ನವರು ಹೆಂಗಸರಿಗಾಗಿ ಟೀಮ್ ಪರ್ಸ್ಯೂಟ್ ಪಂದ್ಯಗಳನ್ನು ಇಡುವವರಿದ್ದರು. ಮೂರು ಜನರ ತಂಡ. ಎರಡು ತಂಡ ರಿಂಕ್‌ನ ಎದುರುಬದುರು ಕಡೆಯಿಂದ ಒಂದೇ ಸಲ ಹೊರಡುತ್ತವೆ. ಒಬ್ಬರ ಹಿಂದೆ ಒಬ್ಬರು, ಮುಂದಿನವರ ಬೆನ್ನಿಗೆ ಅಂಟಿದ ಹಾಗೆ, ಸುತ್ತು ಹಾಕುತ್ತಾರೆ. ಹಿಂದಿನವರು ಮುಂದಿನವರನ್ನು ಕೈಯಿಂದ ತಳ್ಳಬಹುದು. ತಂಡದ ಮೊದಲಿನವಳು ಗೆರೆ ದಾಟಿದರೆ ಗಡಿಯಾರ ನಿಲ್ಲುವುದಿಲ್ಲ, ಮೂರನೆಯವಳ ಬೂಟು ದಾಟಿದಾಗಲೇ ನಿಲ್ಲುವುದು.

"ಇಷ್ಟು ವರ್ಷ ನಾನು ಗೆರೆ ಹತ್ರ ವಿಸಿಲ್ ಹಿಡ್ಕೊಂಡು ನಿಂತದ್ದು. ಯಾರೆಲ್ಲ ದಾಟಿದ್ರು ಅಂತ ನೋಡಿದ್ದು. ಒಂದು ಸೀಸನ್ ನಾನು ದಾಟ್ತೇನೆ ಮಾರಾಯ್ತಿ. ಕೊನೇ ಪಂದ್ಯದವರೆಗೆ. ಆಮೇಲೆ ಕಾಲು ನಿಮ್ದು, ಕೊಯ್ಯಿರಿ."

ಡಾಕ್ಟರು ಬೇಡವೆಂದರು, ಬೈದರು, ಕೊನೆಗೆ ಒಂದು ಮಾತಿಗೆ ಒಪ್ಪಿಕೊಂಡರು. ಆಡುವಾಗ ಮಂಡಿ ಸಿಕ್ಕಿಹಾಕಿಕೊಂಡರೆ, ಅಂದರೆ ಮಡಚಲೂ ಆಗದೆ ನೀಡಲೂ ಆಗದೆ ನಿಂತುಬಿಟ್ಟರೆ, ಆ ಕಾಲಿಗೆ ಭಾರ ಹಾಕುವುದನ್ನು ಆ ಕ್ಷಣವೇ ನಿಲ್ಲಿಸಬೇಕು. ಅದನ್ನು ನೋಡಿಕೊಳ್ಳುವ ಹೊಣೆ ನನ್ನ ತಲೆಗೆ ಬಿತ್ತು. ನಾನು ಮೆಟ್ಟಿಲ ಮೇಲೆ ಕೂತು ನೋಡಿಕೊಳ್ಳುತ್ತೇನೆ ಎಂದುಕೊಂಡಿದ್ದೆ. ಟೀಚರ ಲೆಕ್ಕಾಚಾರ ಬೇರೆ ಇತ್ತು.

"ನೀನು ನಮ್ಮ ಟೀಮಿಗೆ ಬಾ. ಹತ್ರವೇ ಇದ್ದು ನೋಡ್ಕೊಳ್ಳಬಹುದು."

"ನಂಗೆ ಸ್ಕೇಟಿಂಗ್ ಎಲ್ಲಿ ಬರತ್ತೆ ಟೀಚರ್! ಮಗಳ ಫ್ರೆಂಡ್ ಬರ್ತ್‌ಡೇಲಿ ಒಂದ್ಸಲ ಇಳಿದಿದ್ದೆ. ಆ ಪ್ಲಾಸ್ಟಿಕ್ ಪೆಂಗ್ವಿನ್ ಇರತ್ತಲ್ಲ, ಚಿಕ್ಕಮಕ್ಕಳು ಹಿಡ್ಕೊಳೋಕೆ, ಅದನ್ನ ತಬ್ಬಿಕೊಂಡು ಒಂದು ರೌಂಡ್ ಹೋಗಿದ್ದೆ, ಅಷ್ಟೇ."

"ಮಧ್ಯದಲ್ಲಿ ಪೆಂಗ್ವಿನ್ ಬಿಟ್ಟಿದ್ಯಾ?"

"ಇಲ್ಲಪ್ಪ!"

"ಹಾಗಾದ್ರೆ ಬಾ. ಹಿಡ್ಕೊಂಡದ್ದನ್ನು ಬಿಡದವಳೇ ನನಗೆ ಬೇಕಾದದ್ದು."

ಬೇಸಿಗೆಯುದ್ದಕ್ಕೂ ಹೊರಗೆ ಡಾಂಬರು ಕರಗುತ್ತಿದ್ದರೆ ನಾನು ಕಾರಿನಲ್ಲಿ ಸ್ವೆಟರ್ ಇಟ್ಟುಕೊಂಡು ರಿಂಕ್‌ಗೆ ಹೋದೆ. ಬಿದ್ದೆ. ಎದ್ದೆ. ಮತ್ತೆ ಬಿದ್ದೆ. ಕ್ಲಿನಿಕ್‌ನ ಕಾರಿಡಾರಿನಲ್ಲಿ ಮಂಡಿ ಬಗ್ಗಿಸಿಕೊಂಡು ನಡೆಯಬೇಕೆಂದು ಟೀಚರ ಆಜ್ಞೆಯಾಗಿತ್ತು. ಹಾಗೆ ನಡೆಯುವ ನನ್ನನ್ನು ಕಂಡು ರೋಗಿಗಳಿಗೆ ಬಹಳ ಸಮಾಧಾನವಾಗುತ್ತಿತ್ತು, ತಮಗಿಂತ ಕಷ್ಟದಲ್ಲಿ ಒಬ್ಬಳಿದ್ದಾಳಲ್ಲ ಎಂದು.

ಮೂರನೆಯವಳು ನಿಧಿ. ಇಲ್ಲೇ ಹುಟ್ಟಿ ಬೆಳೆದವಳು, ಟೀಚರ ಹಳೇ ವಿದ್ಯಾರ್ಥಿನಿ, ಆಗಷ್ಟೇ ಕಾಲೇಜಿಗೆ ಸೇರಿದ್ದಳು. ತಂದೆ ಬೆಂಗಳೂರಿನವರು, ಬ್ಯಾಂಕಿನಲ್ಲಿ ದೊಡ್ಡ ಕೆಲಸ. ಕನ್ನಡದಲ್ಲಿ ಏನು ಕೇಳಿದರೂ ಹುಡುಗಿ ಇಂಗ್ಲಿಷ್‌ನಲ್ಲೇ ಉತ್ತರ ಕೊಡುತ್ತಿದ್ದಳು. ಐಸ್ ಮೇಲೆ ಮಾತ್ರ ಅವಳ ಕಾಲು ಯಾವ ಭಾಷೆಗೂ ಕಾಯುತ್ತಿರಲಿಲ್ಲ. ನಿಧಿ ಮುಂದೆ, ನಾನು ನಡುವೆ, ಟೀಚರ್ ಹಿಂದೆ ಎಂದು ತೀರ್ಮಾನವಾಯಿತು. ಟೀಚರ್ ಇನ್ನೆಲ್ಲಿ ನಿಲ್ಲುತ್ತಾರೆ!

ಸೀಸನ್ ಶುರುವಾಗುವ ಮುಂಚೆ ಟೀಚರ್ ನಮ್ಮ ಮೂರು ಜೊತೆ ಬೂಟುಗಳನ್ನು ಸಬ್ಹಾನ್‌ಗೆ ತೆಗೆದುಕೊಂಡು ಹೋದರು. ಅಲ್ಲಿ ಕಾರ್ಖಾನೆಗಳ ಕತ್ತರಿ, ಬ್ಲೇಡು ಮಸೆಯುವ ಒಬ್ಬ ಪೇಶಾವರದ ಭಾಯಿ ಇದ್ದರು. ಅವರು ಅಲಗಿನ ಮೇಲೆ ಬೆರಳಾಡಿಸಿ, "ಬಹನ್‌ಜೀ, ಇದರಿಂದ ಏನು ಕತ್ತರಿಸುತ್ತೀರಿ?" ಎಂದು ಹಿಂದಿಯಲ್ಲಿ ಕೇಳಿದರಂತೆ. "ಫಿಲಿಪೀನ್ಸ್ ಟೀಮನ್ನು" ಎಂದು ಟೀಚರ್ ಉತ್ತರ ಕೊಟ್ಟು ಬಂದಿದ್ದರು.

ನಮ್ಮನ್ನು ಬಿಟ್ಟು ಮೂರು ತಂಡಗಳಿದ್ದವು: ಆಸ್ಪತ್ರೆಯ ಫಿಲಿಪೀನ್ಸ್ ನರ್ಸುಗಳು, ಕುವೈತಿ ಕಾಲೇಜು ಹುಡುಗಿಯರು, ಸಾಲ್ಮಿಯಾ ಕಡೆಯ ಯುರೋಪಿನ ಹೆಂಗಸರು. ಮೊದಲ ಪಂದ್ಯ ಯುರೋಪಿನವರ ಜೊತೆ. ಶಿಳ್ಳೆ ಬಿದ್ದದ್ದೇ ತಡ, ನಿಧಿ ಬಾಣ ಬಿಟ್ಟ ಹಾಗೆ ಹೊರಟಳು. ಎಷ್ಟೋ ಮುಂದೆ ಹೋಗಿ ಗೆರೆ ದಾಟಿ ಎರಡೂ ಕೈ ಎತ್ತಿದಳು. ಅವಳ ತಂದೆ ಮೆಟ್ಟಿಲ ಮೇಲೆ ಎದ್ದು ನಿಂತು ಕುಣಿದು, ತಂದಿದ್ದ ಮೈಸೂರುಪಾಕಿನ ಡಬ್ಬಿ ಬಿಚ್ಚಿ ಅಕ್ಕಪಕ್ಕದ ಕುವೈತಿಗಳಿಗೆಲ್ಲ ಹಂಚಿದರು. ನಾನು ಮತ್ತು ಟೀಚರ್ ಆಗಿನ್ನೂ ಆ ಕಡೆಯ ತಿರುವಿನಲ್ಲಿದ್ದೆವು. ಗಡಿಯಾರ ಓಡುತ್ತಲೇ ಇತ್ತು. ಯುರೋಪಿನ ಮೂವರೂ ದಾಟಿ, ಟೊಪ್ಪಿ ತೆಗೆದು, ನೀರು ಕುಡಿದ ಮೇಲೆ ನಾವು ಬಂದು ಮುಟ್ಟಿದೆವು.

"ನನ್ನ ಮಗಳು ಫಸ್ಟ್ ಬಂದಿದಾಳಲ್ರೀ, ಅದು ಹೆಂಗ್ರೀ ಸೋಲಾಗತ್ತೆ!" ಎಂದು ತಂದೆ ರೆಫರಿಯ ಹತ್ತಿರ ಕನ್ನಡದಲ್ಲೇ ಜಗಳಕ್ಕೆ ನಿಂತರು. ರೆಫರಿ ಲೆಬನಾನಿನ ಮನುಷ್ಯ, ನಗುತ್ತಾ ಮೈಸೂರುಪಾಕು ತಿಂದ. ಟೀಚರ್ ತಂದೆಯನ್ನು ಸುಮ್ಮನಾಗಿಸಲಿಲ್ಲ, ಮಗಳನ್ನು ಕರೆದು ಬೆಂಚಿನ ಮೇಲೆ ಕೂರಿಸಿಕೊಂಡರು. "ನೀನು ಎದುರು ನೋಡ್ತಿ, ಒಳ್ಳೇದು. ಕಣ್ಣು ಅಲ್ಲಿರ್ಲಿ. ಕಿವಿ ಹಿಂದೆ ಬಿಡು. ಮೂರು ಜೊತೆ ಅಲಗಿನ ಸದ್ದು ಒಟ್ಟಿಗೆ ಕೇಳ್ತಾ ಉಂಟಾ? ಕೇಳಿದ್ರೆ ಹೋಗು. ಒಂದು ಸದ್ದು ದೂರ ಆಯ್ತಾ, ನಿಧಾನ ಮಾಡು. ಕೊನೆಯವಳು ದಾಟದೆ ನೀನು ದಾಟಿದ್ದು ಲೆಕ್ಕಕ್ಕೇ ಇಲ್ಲ, ಗೊತ್ತುಂಟಲ್ಲ?"

"ಓಕೆ ಮ್ಯಾಮ್," ಎಂದಳು ನಿಧಿ. ಕಣ್ಣಲ್ಲಿ ನೀರಿತ್ತು.

ಎರಡನೇ ಪಂದ್ಯ ನರ್ಸುಗಳ ಜೊತೆ. ಇದರ ಮಾನ ಕಳೆದವಳು ನಾನೇ, ಆದ್ದರಿಂದ ಸಂಕೋಚವಿಲ್ಲದೆ ಹೇಳುತ್ತೇನೆ. ನಿಧಿ ಈ ಸಲ ಹದವಾಗಿ ಹೋಗುತ್ತಿದ್ದಳು. ನನ್ನ ಸೊಂಟದ ಮೇಲೆ ಟೀಚರ ಎರಡು ಅಂಗೈ. ನಾವು ಮೈಸೂರಿನವರು ತಳ್ಳುತ್ತೇವೆ, ಅವರು ದೂಡುತ್ತಾರೆ. ಅವರು ದೂಡುವುದು ಗೊತ್ತೇ ಆಗುತ್ತಿರಲಿಲ್ಲ, ನನ್ನ ಕಾಲಿಗೇ ಇದ್ದಕ್ಕಿದ್ದಂತೆ ಶಕ್ತಿ ಬಂದಿದೆ ಅನ್ನಿಸುತ್ತಿತ್ತು. ಮೂವರೂ ಒಂದೇ ಲಯಕ್ಕೆ ಬಂದೆವು, ನರ್ಸುಗಳಿಗಿಂತ ಕೂದಲೆಳೆಯಷ್ಟು ಮುಂದಿದ್ದೆವು. ಆಗ ತಿರುವಿನಲ್ಲಿ ಹಿಂದಕ್ಕೆ ಹೋದ ನನ್ನ ಬೂಟು ಟೀಚರ ಬೂಟಿಗೆ ಟಕ್ ಎಂದು ತಾಗಿತು.

ಹಿರಿಯರಿಗೆ ಕಾಲು ತಾಗಿದರೆ ಏನು ಮಾಡಬೇಕೆಂದು ನನ್ನ ಅಜ್ಜಿ ಕಲಿಸಿದ್ದು ತಲೆಯಲ್ಲಿಲ್ಲ, ಕೈಯಲ್ಲಿದೆ. ಅದು ಯಾರನ್ನೂ ಕೇಳುವುದಿಲ್ಲ. ನಾನು ಓಡುತ್ತಿದ್ದವಳು ಹಾಗೇ ಪಕ್ಕಕ್ಕೆ ಬಗ್ಗಿ, ಕೈ ಹಿಂದೆ ಚಾಚಿ ಟೀಚರ ಮೊಣಕಾಲು ಮುಟ್ಟಿ, ಕಣ್ಣಿಗೊತ್ತಿಕೊಂಡೆ. ಕಣ್ಣಿಗೊತ್ತಿಕೊಳ್ಳುವಷ್ಟರಲ್ಲಿ ಜಗತ್ತು ತಲೆಕೆಳಗಾಗಿತ್ತು. ಟೀಚರ್ ನನ್ನ ಮೇಲೆ, ನಾನು ನಿಧಿಯ ಕಾಲಿನ ಮೇಲೆ, ಮೂವರೂ ಒಂದೇ ಗಂಟಾಗಿ ಜಾರಿಕೊಂಡು ಹೋಗಿ ಗೋಡೆಯ ಮೆತ್ತೆಗೆ ಬಡಿದೆವು. ನರ್ಸುಗಳು ನಮ್ಮನ್ನು ದಾಟಿ ಹೋಗುವಾಗಲೂ ಪಾಪ "ಸಾರಿ, ಸಾರಿ" ಎನ್ನುತ್ತಾ ಹೋದರು.

ರೆಫರಿ ಓಡಿ ಬಂದು, ಪೆಟ್ಟಾಯಿತಾ, ಈಕೆ ಬಗ್ಗಿ ಏನು ಹುಡುಕುತ್ತಿದ್ದಳು ಎಂದು ಕೇಳಿದ. ಟೀಚರ್ ಮಲಗಿದಲ್ಲಿಂದಲೇ, "ಶಿ ವಾಸ್ ಸೇಯಿಂಗ್ ಸಾರಿ ಟು ಮೈ ಶೂ" ಎಂದರು. ಎಂದವರು ನಗಲು ಶುರುಮಾಡಿದರು. ಬೆನ್ನಡಿಗೆ ಐಸ್ ಇದ್ದರೂ ಏಳಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಅಳುತ್ತಿದ್ದೆ. ಸ್ವಲ್ಪ ಹೊತ್ತಿಗೆ ನಾನೂ ನಕ್ಕೆ.

ಮರುವಾರದ ಅಭ್ಯಾಸದಲ್ಲಿ ನನಗೆ ಕಾದಿತ್ತು. ರಿಂಕ್‌ನ ನಡುವೆ ನಿಂತು ಟೀಚರ್, "ನನ್ನ ಬೂಟಿಗೆ ಒದಿ" ಅಂದರು.

"ಏನಂದ್ರಿ?"

"ಒದಿ ಅಂದೆ. ಬಗ್ಗಬಾರ್ದು, ಕೈ ಮುಗಿಯಬಾರ್ದು. ಒದ್ದು ಮುಂದೆ ಹೋಗು. ಇನ್ನೊಮ್ಮೆ ಬಾ, ಇನ್ನೊಮ್ಮೆ ಒದಿ."

"ಪಾಪ ಸುತ್ಕೊಳತ್ತೆ ಟೀಚರ್!"

"ಸುತ್ಕೊಂಡ್ರೆ ಸುತ್ಕೊಳ್ಲಿ, ಊರಿಗೆ ಹೋಗಿ ಒಂದು ಪೂಜೆ ಮಾಡಿಸುವ. ಈಗ ಒದಿ. ಯಲ್ಲಾ, ಹೊರಡು!"

ಒದ್ದೆ. ಮೊದಲು ಕೈ ತಾನಾಗಿ ಕೆಳಗೆ ಹೋಗುತ್ತಿತ್ತು. ಟೀಚರ್ ವಿಸಿಲ್ ಊದಿ ಮತ್ತೆ ಕರೆಯುತ್ತಿದ್ದರು. ಸುತ್ತ ನಿಂತ ಮಕ್ಕಳು, ಒಬ್ಬಳು ಆಂಟಿ ಇನ್ನೊಬ್ಬ ಆಂಟಿಗೆ ಒದೆಯುವುದನ್ನೂ, ಒದೆಸಿಕೊಂಡವರು "ಶಾಬಾಷ್" ಎನ್ನುವುದನ್ನೂ ಬಾಯಿ ಬಿಟ್ಟುಕೊಂಡು ನೋಡಿದರು. ಅಂತೂ ಒಂದು ಸಲ ಒದ್ದು, ಹಿಂದೆ ತಿರುಗದೆ, ಏನೂ ಆಗದವಳ ಹಾಗೆ ಮುಂದೆ ಹೋದೆ. ಅವತ್ತು ಎಷ್ಟು ಹಗುರಾದೆನೆಂದರೆ, ಮನೆಗೆ ಬಂದು ಅತ್ತೆಗೆ ಫೋನ್ ಮಾಡಿ ಸುಮ್ಮಸುಮ್ಮನೆ ಚೆನ್ನಾಗಿ ಮಾತಾಡಿದೆ.

ಮೂರನೇ ಪಂದ್ಯ ಗೆದ್ದೆವು! ಕುವೈತಿ ಹುಡುಗಿಯರು ನಮಗಿಂತ ಎಷ್ಟೋ ಚುರುಕು, ಆದರೆ ಮೊದಲಿನ ಇಬ್ಬರು ಹಾರಿಹೋಗಿ ಮೂರನೆಯವಳು ಉಳಿದುಬಿಟ್ಟಳು. ನಾವು ಮೂವರು ಎತ್ತಿನ ಗಾಡಿಯ ಹಾಗೆ ಒಂದೇ ಸಮ ಹೋದೆವು. ನಿಧಿ ಹಿಂದೆ ನೋಡಲೇ ಇಲ್ಲ, ನಾನು ಎಡವಿದಾಗಲೆಲ್ಲ ತಾನಾಗಿ ನಿಧಾನವಾದಳು. ಗೆದ್ದ ಮೇಲೆ ಪಾರ್ಕಿಂಗ್‌ನಲ್ಲಿ ಕಾರಿನ ಬಾನೆಟ್ ಮೇಲೆ ನೀರುದೋಸೆಯ ಡಬ್ಬಿ ಬಿಚ್ಚಿ, ಕರಕ್ ಚಹಾ ತರಿಸಿ ತಿಂದೆವು. ಸೋತ ಹುಡುಗಿಯರೂ ಬಂದು ದೋಸೆ ತಿಂದು, ಟೀಚರ ಕೆನ್ನೆಗೆ ಮುತ್ತು ಕೊಟ್ಟು ಹೋದರು.

ಮಾರನೇ ದಿನ ಟೀಚರ್ ಕ್ಲಿನಿಕ್ಕಿಗೆ ಬಂದಾಗ ಮೊಣಕಾಲು ಊದಿಕೊಂಡಿತ್ತು. ಐಸ್ ಚೀಲ ಇಡುತ್ತಾ ನಾನು ಜಗಳ ತೆಗೆದೆ.

"ಸಾಕು ಟೀಚರ್. ಒಂದು ಗೆದ್ದಾಯ್ತಲ್ಲ. ನಿಲ್ಲಿಸಿಬಿಡೋಣ."

"ಇನ್ನು ಒಂದೇ ಉಂಟು."

"ಆ ಒಂದರಲ್ಲಿ ಕಾಲು ಸಿಕ್ಕಿಹಾಕ್ಕೊಂಡ್ರೆ?"

"ನಿಲ್ತೇನೆ. ಮಾತು ಕೊಟ್ಟಿದ್ದೇನಲ್ಲ."

ಆಮೇಲೆ ಅವರೇ ಹೇಳಿದರು. "ಒಂದು ಮಾತು ಹೇಳ್ತೇನೆ, ನಗಬೇಡ. ಊರಿಗೆ ಹೋದ ಮೇಲೆ ನಾನು ನಡೀತೇನೆ, ಅಡಿಗೆ ಮಾಡ್ತೇನೆ, ದೇವಸ್ಥಾನಕ್ಕೆ ಹೋಗ್ತೇನೆ. ಎಲ್ಲ ಉಂಟು. ಆದ್ರೆ ಜಾರಿಕೊಂಡು ಹೋಗುದು ಉಂಟಲ್ಲ, ಕಾಲು ಎತ್ತದೆ, ಗಾಳಿ ಮುಖಕ್ಕೆ ಹೊಡೀತಾ, ಅದು ಇನ್ನು ಇಲ್ಲ. ಅದಕ್ಕೆ ಕೊನೆಯವರೆಗೆ ಹೋಗಿ ನೋಡುವ ಅಂತ." ನಾನು ಮೊಣಕಾಲಿಗೆ ಟೇಪು ಸುತ್ತುವುದನ್ನು ಅಭ್ಯಾಸ ಮಾಡಲು ಶುರುಮಾಡಿದೆ.

ಕೊನೆಯದು ಮೂರನೇ ಸ್ಥಾನಕ್ಕಾಗಿ, ಮತ್ತೆ ನರ್ಸುಗಳ ಜೊತೆ. ಶುಕ್ರವಾರ ಬೆಳಿಗ್ಗೆ ಮೆಟ್ಟಿಲುಗಳು ತುಂಬಿದ್ದವು. ಟೀಚರ ಶಾಲೆಯ ಹುಡುಗಿಯರು ಬಂದಿದ್ದರು. ನಮ್ಮ ಡಾಕ್ಟರು ಹೆಂಡತಿ ಮಕ್ಕಳ ಸಮೇತ ಬಂದು, ಕೈಕಟ್ಟಿಕೊಂಡು, ಸಿಟ್ಟಿನ ಮುಖದಲ್ಲಿ ಕೂತಿದ್ದರು. ನಿಧಿಯ ತಂದೆ ಈ ಸಲ ಡಬ್ಬಿಯ ಮುಚ್ಚಳ ಗಟ್ಟಿಯಾಗಿ ಒತ್ತಿ ಹಿಡಿದಿದ್ದರು.

ಚೆನ್ನಾಗಿಯೇ ಹೋದೆವು. ಅರ್ಧಕ್ಕಿಂತ ಹೆಚ್ಚು ಮುಗಿಯುವವರೆಗೂ ನನ್ನ ಸೊಂಟದ ಮೇಲೆ ಟೀಚರ ಕೈ ಇತ್ತು. ಒಂದು ತಿರುವು ದಾಟಿದೆವು, ಕೈ ಇಲ್ಲ. ನನಗೆ ಅರ್ಥವಾಗುವ ಮೊದಲೇ ಮುಂದಿದ್ದ ನಿಧಿ ಅಲಗನ್ನು ಅಡ್ಡ ಮಾಡಿ ನಿಧಾನವಾದಳು. ಹಿಂದೆ ತಿರುಗಿದೆ. ಟೀಚರ್ ಎಡಗಾಲೊಂದರ ಮೇಲೆ ಜಾರುತ್ತಿದ್ದರು. ಬಲಗಾಲು ಅರ್ಧ ಮಡಚಿದಂತೆಯೇ ನಿಂತುಬಿಟ್ಟಿತ್ತು. ಮುಖ ಬಿಳಿಚಿಕೊಂಡಿತ್ತು. ಹಾಗಿದ್ದೂ ಕೈ ಎತ್ತಿ, ಬಸ್ ಹೊರಡಿಸುವವರ ಹಾಗೆ ಬೀಸುತ್ತಿದ್ದರು.

"ನೀವು ಹೋಗಿ! ನನ್ನ ನೋಡ್ಬೇಡಿ, ನೀವು ಹೋಗಿ, ಹೋಗಿ!"

ಇಡೀ ಸೀಸನ್ ನಮ್ಮ ಕಿವಿಯಲ್ಲಿ ಆ ಒಂದು ನಿಯಮವನ್ನು ತುಂಬಿದವರು, ತಮ್ಮ ವಿಷಯಕ್ಕೆ ಬಂದಾಗ ಅದನ್ನೇ ಮರೆತುಬಿಟ್ಟಿದ್ದರು. ಅವರ ಲೆಕ್ಕದಲ್ಲಿ ಮಂಡೆ ಎಣಿಸುವಾಗ ಅವರ ಮಂಡೆ ಎಂದೂ ಸೇರುತ್ತಲೇ ಇರಲಿಲ್ಲ. ನನಗೆ ಅದು ಆಗ, ಐಸ್ ಮೇಲೆ, ಏದುಸಿರಿನಲ್ಲಿ ಹೊಳೆಯಿತು. ಅದನ್ನು ಬಾಯಿಬಿಟ್ಟು ಹೇಳಿದವಳು ನಿಧಿ. ರಿಂಕ್ ಇಡೀ ಕೇಳುವ ಹಾಗೆ ಕನ್ನಡದಲ್ಲಿ ಕಿರುಚಿದಳು.

"ಮ್ಯಾಮ್, ನೀವ್ ಬರ್ದೇ ಇದು ಮುಗ್ಯೋದೇ ಇಲ್ಲ! ನೀವೇ ಅಲ್ವಾ ಹೇಳಿದ್ದು!"

ಟೀಚರ ಬೀಸುತ್ತಿದ್ದ ಕೈ ಗಾಳಿಯಲ್ಲೇ ನಿಂತಿತು. ನಾನು ಮೆಟ್ಟಿಲ ಕಡೆ ನೋಡಿದೆ. ಡಾಕ್ಟರು ಎದ್ದು ನಿಂತಿದ್ದರು. ಬಲಗಾಲಿಗೆ ಭಾರ ಬೀಳಬಾರದು, ಅಷ್ಟೇ ತಾನೇ ಷರತ್ತು! ಎಡಗಾಲು ಚೆನ್ನಾಗಿಯೇ ಇತ್ತು. ನಾನು ಎರಡೂ ಅಂಗೈ ತೋರಿಸಿ ತಳ್ಳುವ ಸನ್ನೆ ಮಾಡಿದೆ. ಡಾಕ್ಟರು ಎರಡು ಕೈಯಿಂದ ತಲೆ ಹಿಡಿದುಕೊಂಡರು, ಆಮೇಲೆ ಒಂದು ಕೈ ತೆಗೆದು "ಯಲ್ಲಾ" ಎಂದು ಬೀಸಿದರು.

ನಾನೂ ನಿಧಿಯೂ ಟೀಚರ ಹಿಂದೆ ಹೋದೆವು. ಅವರ ಹಿಂದೆ ನಾನು ಯಾವತ್ತೂ ನಿಂತಿರಲಿಲ್ಲ. ಬೆನ್ನು ನಾನಂದುಕೊಂಡದ್ದಕ್ಕಿಂತ ಎಷ್ಟೋ ಚಿಕ್ಕದಿತ್ತು. "ಬೇಡ, ಬೇಡ, ನನ್ನನ್ನು ಎಂತಕ್ಕೆ ದೂಡುದು!" ಎಂದು ಕೊಸರಾಡಿದರು. "ಬಾಯಿ ಮುಚ್ಚಿ ಟೀಚರ್, ಎಡಗಾಲು ಬಗ್ಗಿಸಿ" ಎಂದು ಗದರಿ ನಾನು ಸೊಂಟಕ್ಕೆ ಕೈ ಕೊಟ್ಟೆ. ನಿಧಿ ಇನ್ನೊಂದು ಕಡೆ ಕೊಟ್ಟಳು. ತಳ್ಳಿದೆವು. ಮೊದಲ ತಿರುವಿನವರೆಗೆ ಅವರ ಮೈ ಬಿಗಿಯಾಗಿತ್ತು. ತಿರುವು ದಾಟಿ ನೇರ ಹಾದಿಗೆ ಬಂದಾಗ ಬಿಗಿ ಸಡಿಲವಾಯಿತು, ಇಡೀ ಭಾರ ನಮ್ಮ ಅಂಗೈಗೆ ಬಂತು. ಆಗ ಟೀಚರ್ "ಓ..." ಎಂದು ಸಣ್ಣ ಹುಡುಗಿಯ ಹಾಗೆ ಕೂಗಿದರು. ಹೆದರಿದ್ದಲ್ಲ, ಖುಷಿಗೆ.

ನರ್ಸುಗಳು ಆಗಲೇ ಮುಗಿಸಿದ್ದರು. ಅವರು ಗೆದ್ದದ್ದನ್ನು ಯಾರೂ ನೋಡಿರಲಿಲ್ಲ, ಅವರೂ ಗೋಡೆಗೆ ಒರಗಿ ನಮಗೇ ಚಪ್ಪಾಳೆ ತಟ್ಟುತ್ತಿದ್ದರು. ಶಾಲೆಯ ಹುಡುಗಿಯರು "ಮ್ಯಾಮ್! ಮ್ಯಾಮ್!" ಎಂದು ಕಿರುಚುತ್ತಿದ್ದರು. ಮೊದಲು ಟೀಚರ ಬೂಟು ಗೆರೆ ದಾಟಿತು. ಹಿಂದೆಯೇ ನಾನು, ನಿಧಿ. ಗಡಿಯಾರ ನಿಂತಿತು. ನಾವು ನಾಲ್ಕನೆಯವರಾಗಿದ್ದೆವು, ನಾಲ್ಕೇ ತಂಡಗಳಲ್ಲಿ.

ನಾನು ಅಲಗು ಅಡ್ಡ ಮಾಡಿ ನಿಲ್ಲಿಸಲು ಹೋದೆ. ಟೀಚರ್ ಹಿಂದೆ ಕೈ ಚಾಚಿ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡರು.

"ನಿಲ್ಲಿಸ್ಬೇಡಿ ಮಕ್ಕಳೇ. ದೂಡಿ. ಇನ್ನೊಂದು ಸುತ್ತು."

ಐಸ್ ನಯ ಮಾಡುವ ಗಾಡಿ ಬಾಗಿಲಲ್ಲಿ ಬಂದು ಕಾಯುತ್ತಿತ್ತು. ರೆಫರಿ ಅದರ ಡ್ರೈವರ್‌ಗೆ ಕೈ ಅಡ್ಡ ಹಿಡಿದು ತಡೆದ. ನರ್ಸುಗಳು ಮೂವರೂ ಬಂದು ನನ್ನ ಹಿಂದೆ, ನಿಧಿಯ ಹಿಂದೆ ಕೈ ಕೊಟ್ಟರು. ಎಲ್ಲರಿಗಿಂತ ಮುಂದೆ ಟೀಚರ್ ಒಬ್ಬರೇ, ಎರಡೂ ಕೈ ಅಗಲಿಸಿ, ಗಾಳಿಗೆ ಮುಖ ಕೊಟ್ಟು ಹೋಗುತ್ತಿದ್ದರು. ಒಂದು ಸಲವೂ ಹಿಂದೆ ತಿರುಗಿ ನೋಡಲಿಲ್ಲ.